ಅಡ್ಕ-ಪದವುಗಳಲ್ಲಿ ಸೈಕಲ್ ಪ್ರವಾಸ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭ ಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿಕೊಂಡಾಗ, ವಿಷಯವನ್ನು ನಾವೇ ಆರಿಸಿಕೊಳ್ಳಬಹುದೆಂದೂ ತಿಳಿಸಿದ್ದರು. ಆ ಸ್ವಾತಂತ್ರ್ಯವನ್ನು ನಾವು ತುಸು ಹೆಚ್ಚಾಗಿಯೇ ಬಳಸಿಕೊಂಡೆವೆಂದು ತೋರುತ್ತದೆ. ಕನ್ನಡ ಪಂಡಿತನಾದವನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡಿಯಾನೆಂದು ನಿರೀಕ್ಷಿಸಿ ಬಂದವರಿಗೆ ಸೈಕಲ್ಲಿನ ಸುದ್ದಿ ಕೇಳಿ ನಗು ಬಂದರೆ ಅದು ಅವರ ತಪ್ಪಲ್ಲ. ಗಡಿಯ ಪ್ರಶ್ನೆಯನ್ನು ಕುರಿತೂ ನಾವು ಇಂದು ಮಾತನಾಡುವುದಿಲ್ಲ. 1956ರ ನವೆಂಬರ್ ಒಂದರಂದು ಆದುದೇನು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಈ ನೆಲವನ್ನು ಕುರಿತು ಹೇಳಿದುದೇನು ಎಂಬುದನ್ನು ಈ ಸಭಾಂಗಣದ ಕಂಬಗಳೂ ಬಲ್ಲವು. ನಾವು ಹೇಳಹೊರಟಿರುವುದು ಕುಂಬಳೆಯಿಂದ ಹೊರಟು ಕುಂಬಳೆಗೇ ಮರಳುವ, ಕಾಡು ಗುಡ್ಡ ಅಡ್ಕ ಪದವುಗಳ ನಡುವಿನ ಒಂದು ಸೈಕಲ್ ದಾರಿಯನ್ನು ಕುರಿತು. ಆ ದಾರಿಯಲ್ಲಿ ನಮಗೊದಗಿದ ಒಂದು ಮುಖಭಂಗವನ್ನು ಕುರಿತು.

ಪ್ರಸಂಗವು ಮೊದಲಾದುದು ತರಗತಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿ ಸಮಾಸಗಳನ್ನು ಬಿಡಿಸಿ ತೋರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಬದಿಯಡ್ಕ ಎಂಬುದರಲ್ಲಿ ಅಡ್ಕ ಎಂದರೇನು ಸರ್?" ಎಂದು ಕೇಳಿದಳು. ನಾವು ಹಿಂದೆಮುಂದೆ ನೋಡದೆ "ಬರಡು ನೆಲ, ಬಂಜರು ಭೂಮಿ" ಎಂದುಬಿಟ್ಟೆವು. "ಹಾಗಾದರೆ ನಮ್ಮದು ಬರಡೂರೋ?" ಎಂದಳು ಆಕೆ. ತರಗತಿ ನಕ್ಕಿತು, ನಾವೂ ನಕ್ಕೆವು, ಗಂಟೆ ಹೊಡೆಯಿತು. ಆದರೆ ಆ ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂದಿತು. ಅಂದು ರಾತ್ರಿ ಒಂದು ಕಾಗದದ ಮೇಲೆ ನಮಗೆ ತಿಳಿದ ಅಡ್ಕಗಳನ್ನು ಬರೆಯುತ್ತ ಹೋದೆವು. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ಒಂದೇ ರಸ್ತೆಯಲ್ಲಿ ಬದಿಯಡ್ಕ, ಅಡ್ಕಸ್ಥಳ, ಸಾರಡ್ಕ, ಅಡ್ಯನಡ್ಕ, ಕೊನೆಗೆ ಕಲ್ಲಡ್ಕ! ಇತ್ತ ಕಟ್ಟತ್ತಡ್ಕ, ಧರ್ಮತ್ತಡ್ಕ. ಅತ್ತ ತೆಂಕಣದಲ್ಲಿ ಬಂದಡ್ಕ. ಅಡ್ಕದ ಒಡಹುಟ್ಟಿದ ಪದವುಗಳು ಬೇರೆ: ಬಾಯಾರುಪದವು, ಕುರುಡಪದವು, ಆರ್ಲಪದವು. ಇಷ್ಟೊಂದು ಊರುಗಳಿಗೆ ನಮ್ಮ ಹಿರಿಯರು ಬಂಜರೆಂಬ ಹೆಸರನ್ನಿಟ್ಟು ಅಲ್ಲಿಯೇ ಮನೆ ಕಟ್ಟಿ ಮಕ್ಕಳು ಮರಿಗಳೊಡನೆ ಬಾಳಿದರೆಂದರೆ, ತಪ್ಪು ಹಿರಿಯರದೋ ಅಥವಾ ನಮ್ಮ ಅರ್ಥದ್ದೋ?

ಇದನ್ನು ನಿರ್ಣಯಿಸಲು ನಿಘಂಟಿಗಿಂತ ಕಾಲ್ಗಳೇ ಮೇಲೆಂದು ಬಗೆದು, ಜನವರಿಯ ಎರಡು ರಜಾದಿನಗಳಲ್ಲಿ ಸೈಕಲ್ ಪ್ರವಾಸವೊಂದನ್ನು ಗೊತ್ತುಮಾಡಿದೆವು. ಹದಿನಾಲ್ಕು ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರು, ಇಂಗ್ಲಿಷ್ ಕಲಿಸುವ ನಮ್ಮ ಸಹೋದ್ಯೋಗಿಗಳು, ಮತ್ತು ನಾವು. ಬಸ್ಸಿನಲ್ಲಿ ಹೋದರಾಗದೇ ಎಂದು ಕೆಲವು ಪೋಷಕರು ಕೇಳಿದರು. ಬಸ್ಸಿನಲ್ಲಿ ಕುಳಿತವನಿಗೆ ಈ ನಾಡು ಬರಿಯ ತಿರುವುಗಳ ನಾಡು. ನಿದ್ರೆ ಬಂದರೆ ಅದೂ ಇಲ್ಲ. ಸೈಕಲ್ ತುಳಿಯುವವನ ಮೊಣಕಾಲಿಗೆ ಮಾತ್ರ, ಎಲ್ಲಿ ಏರು ಮುಗಿದು ಅಡ್ಕ ತೊಡಗಿತು, ಎಲ್ಲಿ ಅಡ್ಕ ಮುಗಿದು ಬೈಲಿಗೆ ಇಳಿಯಬೇಕು ಎಂಬುದು ಲೆಕ್ಕ ತಪ್ಪದೆ ತಿಳಿಯುತ್ತದೆ. ನಡೆದರೆ ಇನ್ನೂ ಚೆನ್ನಾಗಿ ತಿಳಿದೀತು. ಆದರೆ ನಲುವತ್ತು ದಾಟಿದ ನಮಗೆ ಎರಡು ದಿನಗಳಲ್ಲಿ ಅಷ್ಟು ದೂರ ನಡೆಯುವ ಧೈರ್ಯವಿರಲಿಲ್ಲ.

ಬೆಳಗ್ಗೆ ಆರಕ್ಕೆ ಕುಂಬಳೆಯಿಂದ ಹೊರಟೆವು. ಹೆದ್ದಾರಿಯ ಗದ್ದಲವನ್ನು ಬೆನ್ನಿಗೆ ಬಿಟ್ಟು ಮೂಡಣಕ್ಕೆ ತಿರುಗಿದೊಡನೆ ನಾಯ್ಕಾಪಿನ ಕಡೆಗೆ ಏರು. ಅಲ್ಲಿಂದ ಅನಂತಪುರದ ಪದವು. ಕಣ್ಣು ಹಾಯುವವರೆಗೂ ಕೆಂಗಪ್ಪು ಬಂಡೆ, ಬಂಡೆಯ ಬಿರುಕುಗಳಲ್ಲಿ ಒಣಗಿದ ಮುಳಿಹುಲ್ಲು, ಅಲ್ಲಲ್ಲಿ ಕೇಪಳ, ನೆಕ್ಕರೆ, ಕರಂಡೆಯ ಪೊದೆಗಳು. ಇಂತಹ ಬೆಂಗಾಡಿನ ನಟ್ಟನಡುವೆ ನೆಲ ತಗ್ಗಿ, ತಗ್ಗಿನಲ್ಲಿ ನೀರು ತುಂಬಿ, ನೀರಿನ ನಡುವೆ ಅನಂತಪದ್ಮನಾಭನ ಗುಡಿ! ಆ ಕೆರೆಯ ಬಬಿಯಾ ಎಂಬ ಮೊಸಳೆಯು 2022ರ ಅಕ್ಟೋಬರ್ ತಿಂಗಳಲ್ಲಿ ತೀರಿಕೊಂಡುದು ತಮಗೆಲ್ಲ ನೆನಪಿರಬಹುದು. ಹುಡುಗರಿಗೆ ಮೊಸಳೆಯ ಕಥೆಯೇ ಹೆಚ್ಚು ಬೇಕಾಗಿತ್ತು. ನಮಗೆ ಮಾತ್ರ, ಬಂಡೆಯ ತಲೆಯ ಮೇಲೆ ಇಷ್ಟು ನೀರು ಎಲ್ಲಿಂದ ಬಂದಿತೆಂಬ ಯೋಚನೆ ಹತ್ತಿತು. ಆದರೂ ಯೋಚನೆಯನ್ನು ಅಲ್ಲಿಗೇ ಬಿಟ್ಟು ಸೈಕಲ್ ಏರಿದೆವು. ಬುದ್ಧಿ ಬರಲು ಇನ್ನೂ ಒಂದು ದಿನ ತಡೆಯಬೇಕಾಗಿತ್ತು.

ಸೀತಾಂಗೋಳಿಯಿಂದ ಮುಂದೆ ದಾರಿಯ ತಾಳ ನಮಗೆ ಹಿಡಿಯಿತು. ಏರು, ಅಡ್ಕ, ಇಳಿತ, ಬೈಲು, ಬೈಲಿನ ನಡುವೆ ತೋಡು, ತೋಡಿನ ಮೇಲೊಂದು ಸಂಕ ಅಥವಾ ಸೇತುವೆ, ಮತ್ತೆ ಏರು. ಅಡ್ಕದ ಮೇಲೆ ನೆತ್ತಿ ಸುಡುವ ಬಿಸಿಲು. ಇಳಿತದಲ್ಲಿ ಗೇರು, ಕಾಟುಮಾವು, ಕುಂಟಲ ಮರಗಳ ನೆರಳು. ಬೈಲಿಗೆ ಮುಟ್ಟುವಷ್ಟರಲ್ಲಿ ಅಡಕೆ ತೋಟದ ತಂಪು ಮುಖಕ್ಕೆ ತಾಗುತ್ತದೆ. ಒಂದು ಕಿಲೋಮೀಟರಿನೊಳಗೆ ಮೂರು ಋತುಗಳು ಸರಿದಂತೆ ತೋರುತ್ತದೆ. ನೀರ್ಚಾಲಿನ ಬಳಿ ಹುಡುಗರು ತಾವಾಗಿಯೇ ಹೆಸರನ್ನು ಒಡೆದರು: ನೀರು, ಚಾಲು. ನಾವು ಹೇಳಿಕೊಡಬೇಕಾಗಲಿಲ್ಲ. ಬದಿಯಡ್ಕದ ಹತ್ತಿರದ ಪೆರಡಾಲದಲ್ಲಿ ಸ್ವಲ್ಪ ಹೊತ್ತು ನಿಂತೆವು. ನೂರು ವರ್ಷ ತುಂಬಿಸಿ 2015ರಲ್ಲಿ ನಮ್ಮನ್ನಗಲಿದ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿ ದುಡಿದುದು ಅಲ್ಲಿ, ಮಣ್ಣಿನಲ್ಲಿ ಕೈಯಾಡಿಸಿ ಬೇಸಾಯ ಮಾಡಿದುದೂ ಅಲ್ಲಿಯೇ. ಬದಿಯಡ್ಕ ಪೇಟೆಯಲ್ಲಿ ಪುನರ್ಪುಳಿ ಸರಬತ್ತು ಕುಡಿದುದರ ಹೊರತು ಹೇಳಬೇಕಾದುದೇನೂ ನಡೆಯಲಿಲ್ಲ.

ಪೆರ್ಲದಿಂದ ಸ್ವರ್ಗದ ಕಡೆಗೊಂದು ಸುತ್ತು ಹಾಕಿದೆವು. ಊರಿನ ಹೆಸರೇ ಸ್ವರ್ಗ. ಸೈಕಲ್ಲಿನಲ್ಲಿ ಸಶರೀರ ಸ್ವರ್ಗಾರೋಹಣವೆಂದು ಮಕ್ಕಳು ವಿನೋದ ಮಾಡುತ್ತ ತುಳಿದರು. ಪಡ್ರೆ ಗ್ರಾಮದ ಗುಡ್ಡಗಳನ್ನು ಕಂಡಾಗ ವಿನೋದ ನಿಂತಿತು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದನ್ನು ತಡೆಯುವಷ್ಟರಲ್ಲಿ ಎಷ್ಟು ಮನೆಗಳ ತೊಟ್ಟಿಲುಗಳು ಬಾಡಿದ್ದುವೆಂಬುದನ್ನು ಈ ಸೀಮೆಯವರಿಗೆ ನಾವು ವಿವರಿಸಬೇಕಾದುದಿಲ್ಲ. ನಮ್ಮ ಗುಂಪಿನ ಹುಡುಗನೊಬ್ಬನು ತಗ್ಗಿದ ದನಿಯಲ್ಲಿ, "ವಿಷ ಹಾಕಿದ್ದು ಗುಡ್ಡಕ್ಕೆ ಅಲ್ಲವೇ ಸರ್? ಬೈಲಿನ ಮನೆಗಳಿಗೆ ಹೇಗೆ ಬಂತು?" ಎಂದು ಕೇಳಿದನು. ಗಾಳಿಯಿಂದ, ನೀರಿನಿಂದ ಎಂದು ಉತ್ತರ ಕೊಟ್ಟೆವು. ಉತ್ತರ ಸರಿಯೇ ಆಗಿತ್ತು. ಆದರೂ ಆ ನೀರಿನ ದಾರಿಯನ್ನು ನಾವು ಕಣ್ಣಾರೆ ಕಂಡಿರಲಿಲ್ಲ. ಅಂದಿನ ರಾತ್ರಿ ಪೆರ್ಲದ ಸಮೀಪದಲ್ಲಿ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಗಂಜಿಯುಂಡು ಮಲಗಿದೆವು.

ಮರುದಿನ ಒಳದಾರಿಗಳನ್ನು ಹಿಡಿದು ಬಾಯಾರಿನ ಕಡೆಗೆ ಹೊರಟೆವು. ಒಂದು ಇಳಿತದಲ್ಲಿ ಡಾಮರು ಮುಗಿದು ಚರಳುಕಲ್ಲಿನ ಮಣ್ಣುದಾರಿ ತೊಡಗುತ್ತಿತ್ತು. ಮುಂದಿದ್ದ ಹುಡುಗನು ಬ್ರೇಕು ಹಿಡಿದನು. ಹಿಂದಿನ ಬ್ರೇಕಿನ ರಬ್ಬರು ಸವೆದುಹೋಗಿತ್ತು, ಮುಂದಿನದು ಮಾತ್ರ ಹಿಡಿಯಿತು. ಸೈಕಲ್ ಅಡ್ಡಬಿದ್ದು ಹುಡುಗನ ಮೊಣಕೈ ತರಚಿತು. ತಪ್ಪು ನಮ್ಮದು. ಹೊರಡುವ ಮುನ್ನ ಪ್ರತಿಯೊಂದು ಸೈಕಲ್ಲಿನ ಬ್ರೇಕನ್ನೂ ಪರೀಕ್ಷಿಸಬೇಕಾಗಿತ್ತು. ಗಾಳಿಯನ್ನು ಮಾತ್ರ ನೋಡಿದ್ದೆವು. ಇಳಿತದ ಕೆಳಗಿದ್ದ ಮನೆಗೆ ಹುಡುಗನನ್ನು ನಡೆಯಿಸಿಕೊಂಡು ಹೋದೆವು. ಅಂಗಳದಲ್ಲಿ ಅಡಕೆ ಹರವುತ್ತಿದ್ದ ವೃದ್ಧರೊಬ್ಬರು, ಎಂಬತ್ತರ ಮೇಲಿನ ವಯಸ್ಸು, ಒಂದು ಮಾತೂ ಕೇಳದೆ ಹುಡುಗನ ಕೈಯನ್ನು ಹಿಡಿದು ಮನೆಯ ಹಿಂಬದಿಗೆ ಕರೆದೊಯ್ದರು. ಅಲ್ಲಿ ಗುಡ್ಡದ ಮೈಯಲ್ಲಿ ಆಳೆತ್ತರದ ಒಂದು ಬಾಯಿ. ಅದರೊಳಗಿಂದ ಅಡಕೆ ದಂಬೆಯ ಮೇಲೆ ಹರಿದು ಬರುತ್ತಿದ್ದ ತಣ್ಣನೆಯ ನೀರು. ಗಾಯ ತೊಳೆದರು, ಎಲ್ಲರಿಗೂ ಬೆಲ್ಲ ನೀರು ಕೊಟ್ಟರು. ಆ ಮೇಲೆ ಮಾತು.

"ಮಕ್ಕಳಿಗೆ ಏನು ತೋರಿಸ್ಲಿಕ್ಕೆ ಹೊರಟದ್ದು ಮಾಷ್ಟ್ರೇ?"

"ಅಡ್ಕಗಳನ್ನು ತೋರಿಸೋಣವೆಂದು ಬಂದೆವು ಅಜ್ಜ."

"ಅಡ್ಕದಲ್ಲಿ ಈಗ ಏನುಂಟು ನೋಡ್ಲಿಕ್ಕೆ?"

"ಅದೂ ಹೌದೆನ್ನಿ. ಬರಡು ನೆಲ" ಎಂದೆವು ನಾವು, ಮಾತಿಗೆ ಮಾತು ಕೂಡಿಸುವ ಉಪಚಾರದಿಂದ.

ಅಜ್ಜನವರು ನಮ್ಮ ಕೈಯಲ್ಲಿದ್ದ ಲೋಟವನ್ನು ನೋಡಿದರು. "ಬರಡು ಅಂತ ಯಾರು ಹೇಳಿದ್ದು? ನೀವೀಗ ಕುಡಿದ ನೀರು ಎಲ್ಲಿಂದ ಬಂತು ಅಂತ ಗ್ರಹಿಸಿದ್ದೀರಿ ಮಾಷ್ಟ್ರೇ?"

ಪ್ರಶ್ನೆ ಕೇಳಿದ ಆ ಹುಡುಗಿಯೂ ಗುಂಪಿನಲ್ಲಿದ್ದಳು. ಆಕೆ ನಮ್ಮ ಮುಖವನ್ನು ನೋಡಲಿಲ್ಲ. ಅಷ್ಟು ವಿವೇಕ ಆಕೆಗಿತ್ತು.

ಮುಂದಿನ ಒಂದು ಗಂಟೆಯ ಪಾಠವನ್ನು ಅಜ್ಜನವರೇ ಮಾಡಿದರು. ಅವರು ತಾರುಣ್ಯದಲ್ಲಿ ಸುರಂಗ ಕೊರೆಯುವವರೊಡನೆ ಮಣ್ಣು ಹೊತ್ತವರು. ಮೇಲಿನ ಅಡ್ಕವು ನೋಡಲು ಹೆಂಚಿನಂತೆ ಕಂಡರೂ ಅದು ಬಿರುಕು ರಂಧ್ರಗಳಿಂದ ಕೂಡಿದ ಮುರಕಲ್ಲು. ಮಳೆಯ ನೀರು ಅಡ್ಕದ ಗುಂಡಿಗಳಲ್ಲಿ, ಪಳ್ಳಗಳಲ್ಲಿ ನಿಂತು, ಬಿರುಕುಗಳಿಂದ ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ. ಮುರದ ಅಡಿಯಲ್ಲಿ ಶೇಡಿಮಣ್ಣು. ಅದು ನೀರನ್ನು ಕೆಳಗೆ ಬಿಡದು. ತಡೆಯಲ್ಪಟ್ಟ ನೀರು ಗುಡ್ಡದ ಓರೆಯಲ್ಲಿ ಒಸರಾಗಿ ಹೊರಬೀಳಬೇಕು. ಆ ಒಸರನ್ನು ಹುಡುಕಿಕೊಂಡು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ದಾರಿಯೇ ಸುರಂಗ. ಅವರ ಮನೆಯದು ಅರುವತ್ತು ಕೋಲು. ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಗಲ, ಒಬ್ಬನು ಪಿಕ್ಕಾಸು ಬೀಸುವಷ್ಟು. ಎತ್ತರ, ತಲೆ ತಗ್ಗಿಸಿ ನಿಲ್ಲುವಷ್ಟು. ಒಳಗೆ ಉರಿಯುವ ದೀಪ ಸಣ್ಣದಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಓಡಿಬರಬೇಕು. ಪಂಪು ಬೇಡ, ವಿದ್ಯುತ್ತು ಬೇಡ. ನೀರು ತಾನಾಗಿ ಮನೆಯಂಗಳಕ್ಕೆ ನಡೆದುಬರುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುತ್ತದೆ, ಆದರೆ ಅದರ ಬಹುಭಾಗ ಕೆಲವೇ ತಿಂಗಳುಗಳಲ್ಲಿ. ಉಳಿದ ತಿಂಗಳುಗಳಿಗೆ ಅದನ್ನು ಹಿಡಿದಿಡುವ ಉಗ್ರಾಣವೇ ಅಡ್ಕ. ಅನಂತಪುರದ ಕೆರೆಯ ನೀರನ್ನು ನೋಡುವ ಬಗೆಯೂ, ಪಡ್ರೆಯ ಗುಡ್ಡದ ವಿಷವು ಬೈಲಿಗೆ ಇಳಿದ ದಾರಿಯೂ ನಮಗೆ ಆ ಗುಡ್ಡದ ಬಾಯಿಯ ಮುಂದೆ ನಿಂತಾಗ ಒಟ್ಟಿಗೆ ತಿಳಿದುವು.

"ಸೋಣ ತಿಂಗಳಲ್ಲಿ ಬನ್ನಿ" ಎಂದು ಬೀಳ್ಕೊಡುವಾಗ ಅಜ್ಜನವರು ಹೇಳಿದರು. "ಆವಾಗ ಮಕ್ಕಳಿಗೆ ಅಡ್ಕ ತೋರಿಸಿ."

ಅಂದು ಮಧ್ಯಾಹ್ನದ ಮೇಲೆ ಪೊಸಡಿ ಗುಂಪೆಯ ಬುಡಕ್ಕೆ ಬಂದು, ಸೈಕಲ್ಲುಗಳನ್ನು ಕೆಳಗಿರಿಸಿ ಮೇಲೇರಿದೆವು. ಸಮುದ್ರಮಟ್ಟದಿಂದ ಸಾವಿರ ಅಡಿಗೂ ಮೀರಿದ ಆ ತಲೆಯ ಮೇಲೆ ನಿಂತರೆ ಪಡುವಣದಲ್ಲಿ ಕಡಲಿನ ಗೆರೆ, ಮೂಡಣದಲ್ಲಿ ಘಟ್ಟದ ನೀಲಿ, ನಡುವೆ ನಾವು ತುಳಿದು ಬಂದ ನಾಡು ಅಲೆಯಲೆಯಾಗಿ. ಬೋಳು ಅಡ್ಕಗಳು ಮೇಲೆ, ಹಸುರು ಬೈಲುಗಳು ಅವುಗಳ ಕೆಳಗೆ. ಬೆಳಗ್ಗಿನವರೆಗೆ ನಮಗೆ ಅದು ಎರಡು ಬೇರೆ ಬೇರೆ ನೆಲವಾಗಿ ಕಾಣುತ್ತಿತ್ತು. ಅಲ್ಲಿಂದ ಧರ್ಮತ್ತಡ್ಕದ ದಾರಿಯಾಗಿ ಬಂದ್ಯೋಡಿಗೆ ಹೆಚ್ಚಾಗಿ ಇಳಿಜಾರು. ಸಂಜೆಗತ್ತಲಿಗೆ ಮುನ್ನವೇ ಕುಂಬಳೆ ಸೇರಿದೆವು.

ಅಜ್ಜನವರ ಮಾತನ್ನು ನಾವು ನಡೆಯಿಸಿದೆವು. ಓಣಂ ರಜೆಯ ಒಂದು ಬೆಳಗ್ಗೆ, ಮಳೆ ತುಸು ಬಿಡುವು ಕೊಟ್ಟಾಗ, ಬಾಯಾರುಪದವಿನ ಕಡೆಗೆ ಮತ್ತೆ ಸೈಕಲ್ ಏರಿದೆವು. ಅದೇ ನೆಲವೆಂದು ನಂಬುವುದು ಕಷ್ಟವಾಯಿತು. ಬಂಡೆಯ ಮೇಲೆ ಅಂಗೈಯಗಲದ ನೀರಿನ ಹಾಸುಗಳು, ಅವುಗಳ ಅಂಚಿನಲ್ಲಿ ಲಕ್ಷಗಟ್ಟಲೆ ಪುಟ್ಟ ನೀಲಿ ಹೂಗಳು. ಸಾಸಿವೆಗಿಂತ ಸಣ್ಣ ಚೀಲಗಳನ್ನು ನೀರಿನಲ್ಲಿ ಇಳಿಬಿಟ್ಟು ಸೂಕ್ಷ್ಮಜೀವಿಗಳನ್ನು ಹಿಡಿದುಣ್ಣುವ ಗಿಡ ಅದು. ಬಂಡೆಯಲ್ಲಿ ಸಾರವಿಲ್ಲದಿದ್ದರೆ ಗಿಡವು ತನ್ನ ಅನ್ನವನ್ನು ಬೇಟೆಯಾಡಿ ತರುತ್ತದೆ. ಟಿಟ್ಟಿಭವೊಂದು ನಮ್ಮ ತಲೆಯ ಮೇಲೆ ಕೂಗುತ್ತ ಸುತ್ತಿತು. ಮಲಯಾಳ ಮಾತನಾಡುವ ಮಕ್ಕಳು ಕೆಲವರು ಬುಟ್ಟಿ ಹಿಡಿದು ಓಣಂ ಹೂವಿನ ರಂಗವಲ್ಲಿಗೆ ಆ ನೀಲಿ ಹೂಗಳನ್ನು ಆಯುತ್ತಿದ್ದರು. ನಮ್ಮ ಮಕ್ಕಳೂ ಅವರೊಡನೆ ಬಾಗಿ ಆಯತೊಡಗಿದರು. ಅವರು ಅದನ್ನು ಕಾಕ್ಕಪ್ಪೂವೆಂದು ಕರೆದರು. ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಅದರ ಕನ್ನಡದ ಹೆಸರು ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ನಮ್ಮ ಇಂಗ್ಲಿಷ್ ಸಹೋದ್ಯೋಗಿಗಳು ಆ ಪದವಿನ ಮೇಲೆ ನಿಂತು, ತಾವು ಕಾಲೇಜಿನಲ್ಲಿ ಓದಿದ ಥಾಮಸ್ ಹಾರ್ಡಿಯ ಕಾದಂಬರಿಯೊಂದನ್ನು ನೆನೆದರು. ಇಂಗ್ಲೆಂಡಿನ ತೆಂಕಣ ಭಾಗದಲ್ಲಿ ಮರಳುಮಿಶ್ರಿತವಾದ ಬಡ ಮಣ್ಣಿನ ಮೇಲೆ ಕುರುಚಲು ಗಿಡಗಳು ಮಾತ್ರ ಬೆಳೆಯುವ ಬಯಲಿಗೆ ಹೀತ್ ಎನ್ನುತ್ತಾರೆ. ಹಾರ್ಡಿಯ ಆ ಕಾದಂಬರಿ ಪ್ರಕಟವಾದುದು 1878ರಲ್ಲಿ, ಅದರ ಕಥೆ ನಡೆಯುವುದು ಅಂತಹ ಬಯಲಿನಲ್ಲಿ. ವಿಚಿತ್ರವೇನೆಂದರೆ, ಆ ದೇಶದಲ್ಲಿ ಸೈಕಲ್ ಪ್ರವಾಸಿಗಳ ಸಂಘ ಹುಟ್ಟಿದುದೂ ಅದೇ 1878ರಲ್ಲಿ. ಅಲ್ಲಿಯೂ ಆ ನೆಲವನ್ನು ಪಾಳೆಂದು ಬಗೆದು ಉತ್ತರು, ಮರ ನೆಟ್ಟರು, ಮನೆ ಕಟ್ಟಿದರು. 1800ರಿಂದೀಚೆಗೆ ತಗ್ಗುಪ್ರದೇಶದ ಹೀತ್ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲು ಅಳಿದುಹೋಯಿತು. ಉಳಿದುದರ ದೊಡ್ಡದೊಂದು ಭಾಗವಿರುವ ನ್ಯೂ ಫಾರೆಸ್ಟ್ ಎಂಬಲ್ಲಿ ಹಳ್ಳಿಗರ ಕುದುರೆಗಳು ಇಂದಿಗೂ ಹಕ್ಕಿನಿಂದ ಮೇಯುತ್ತವೆ. 2005ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅವರಿಗೆ ಬುದ್ಧಿ ಬಂದುದು ನಾಲ್ಕು ಪಾಲು ಹೋದ ಮೇಲೆ ಎಂಬುದನ್ನು ನಾವು ಮರೆಯಬಾರದು.

ನಮ್ಮ ಎಷ್ಟು ಪಾಲು ಹೋಗಿದೆಯೋ. ಅದೇ ಪ್ರವಾಸದಲ್ಲಿ, ಜನವರಿಯಲ್ಲಿ ನಾವು ನಿಂತು ಬುತ್ತಿಯುಂಡಿದ್ದ ಒಂದು ಅಡ್ಕವನ್ನು ಹುಡುಕಿದರೆ ಅಲ್ಲಿ ಅಡ್ಕವಿರಲಿಲ್ಲ. ಯಂತ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಕಲ್ಲುಕೋರೆಯಿತ್ತು, ತಳದಲ್ಲಿ ಕೆಂಪು ನೀರು. ಕೆಂಪುಕಲ್ಲಿಲ್ಲದೆ ಮನೆಯಿಲ್ಲ, ನಮ್ಮ ಮನೆಯ ಗೋಡೆಯೂ ಅದರದೇ. ಆದುದರಿಂದ ಕಲ್ಲು ಕಡಿಯುವವರನ್ನು ನಿಂದಿಸುವ ಬಾಯಿ ನಮಗಿಲ್ಲ. ಆದರೆ ಹಿಂದೆ ಕೈಯಿಂದ ಕಡಿಯುತ್ತಿದ್ದಾಗ ಒಂದು ತಲೆಮಾರಿಗೆ ಸಾಲುತ್ತಿದ್ದ ಗುಡ್ಡ ಈಗ ಒಂದು ಬೇಸಗೆಗೆ ಸಾಲದು. ಆ ಕೋರೆಯ ಕೆಳಗಿನ ಮನೆಯವರು ತಮ್ಮ ಸುರಂಗದ ನೀರು ಆ ವರ್ಷ ಹೋಳಿಗೆ ಮೊದಲೇ ನಿಂತಿತೆಂದರು. ಪ್ರತಿಯೊಬ್ಬರೂ ಕೇಳುವ ಮಾತು ಒಂದೇ: "ಬರಡು ಜಾಗ ಅಲ್ಲವೇ, ತೆಗೆದರೆ ಏನು?" ಆ ಮಾತು ಯಾರ ಬಾಯಿಯಿಂದ ಬಂದಿತೋ ತಿಳಿಯದು. ತರಗತಿಯಲ್ಲಿ ಅದನ್ನು ನಾವೂ ಹೇಳಿಕೊಟ್ಟಿದ್ದೆವು.

ಹೆಸರುಗಳ ವಿಚಾರವಾಗಿ ಒಂದು ಮಾತು. ದಾರಿಯುದ್ದಕ್ಕೂ ಫಲಕಗಳ ಮೇಲಿನ ಹೆಸರುಗಳನ್ನು ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಮಲಯಾಳದ ಫಲಕದಲ್ಲಿ ಬದಿಯಡ್ಕವು ಬದಿಯಡುಕ್ಕವಾಗಿದೆ, ಬಂದಡ್ಕವು ಬಂದಡುಕ್ಕವಾಗುತ್ತದೆ. ಇದನ್ನು ಕಂಡರೆ ಸಿಟ್ಟಾಗುವವರು ಈ ಸಭೆಯಲ್ಲಿದ್ದಾರೆ. ಆ ಸಿಟ್ಟು ನಮಗೂ ಇದೆ. ಕನ್ನಡದ ಫಲಕವನ್ನು ಸರಿಯಾದ ಹೆಸರಿನೊಡನೆ ಹಾಕಿಸುವಂತೆ ಸಂಘವು ಪಂಚಾಯತುಗಳಿಗೆ ಬರೆಯುತ್ತಿರಬೇಕು, ಬಿಡಬಾರದು. ಆದರೆ ಒಂದು ನಾಲಗೆ ಇನ್ನೊಂದು ನಾಲಗೆಯ ಹೆಸರನ್ನು ತನಗೆ ಒಗ್ಗುವಂತೆ ತಿದ್ದಿಕೊಳ್ಳುವುದು ಸಹಜ. ನಾವೂ ತಿರುವನಂತಪುರಂ ಎಂಬುದರ ಬಾಲವನ್ನು ಕತ್ತರಿಸಿಯೇ ಬರೆಯುತ್ತೇವೆ. ಫಲಕದಲ್ಲಿ ಅಡ್ಕವು ಅಡುಕ್ಕವಾದುದು ಒಂದು ನಷ್ಟವಾದರೆ, ಬದಿಯಡ್ಕದಲ್ಲಿಯೇ ಹುಟ್ಟಿ ಬೆಳೆದ ಕನ್ನಡ ಮಾಧ್ಯಮದ ಮಗುವಿಗೆ ಅಡ್ಕವೆಂದರೇನೆಂದು ತಿಳಿಯದುದೂ, ತಿಳಿಸಬೇಕಾದ ಪಂಡಿತನು ತಪ್ಪು ತಿಳಿಸಿದುದೂ ಯಾವ ಸರಕಾರದಿಂದಲೂ ಆದ ನಷ್ಟವಲ್ಲ. ಅಡ್ಕ ಎಂಬುದು ತುಳುವಿನ ಮಾತೆಂದು ಕೆಲವರು ನಮ್ಮನ್ನು ಎಚ್ಚರಿಸಬಹುದು. ಇರಲಿ, ಸಪ್ತಭಾಷೆಗಳ ಈ ನಾಡಿನಲ್ಲಿ ಕನ್ನಡವು ತುಳುವಿನ ಮನೆಯಲ್ಲಿ ಉಂಡೇ ಬೆಳೆದಿದೆ.

ಆ ತರಗತಿಯಲ್ಲಿ ಈಗ ಒಂದು ಪುಸ್ತಕವಿದೆ. ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ, ತಮ್ಮ ಮನೆಯ ಸುತ್ತಲಿನ ಅಡ್ಕ, ಪದವು, ಪಳ್ಳ, ಮದಕ, ಬನ, ಮಜಲುಗಳ ಹೆಸರುಗಳನ್ನು ಅದರಲ್ಲಿ ಬರೆಯುತ್ತಾರೆ. ಅಡ್ಕ ಎಂಬುದರ ಮುಂದೆ ನಾವು ಮೊದಲು ಬರೆದಿದ್ದ ಅರ್ಥವನ್ನು ಹೊಡೆದುಹಾಕಿದ್ದೇವೆ. ಹೊಸ ಅರ್ಥವನ್ನು ಆ ಹುಡುಗಿಯೇ ಬರೆದಳು: ಮಳೆಗಾಲದಲ್ಲಿ ಹೂ ಬಿಡುವ, ಬೇಸಗೆಯಲ್ಲಿ ನೀರು ಕೊಡುವ, ಗುಡ್ಡದ ಮೇಲಿನ ಬಂಡೆಬಯಲು.

ಮುಂದಿನ ಪ್ರವಾಸವು ದೀಪಾವಳಿಯ ಬಳಿಕ ಬರುವ ಎರಡನೆಯ ಶನಿವಾರ ಮತ್ತು ಭಾನುವಾರ. ದಾರಿ ಅದೇ, ಎರಡು ದಿನಗಳಿಗೆ ಹಂಚಿದರೆ ಪ್ರೌಢಶಾಲೆಯ ಮಕ್ಕಳಿಗೆ ಹೆಚ್ಚಲ್ಲ. ಗೇರಿನ ಸೈಕಲ್ಲೇ ಬೇಕೆಂದಿಲ್ಲ, ಏರಿನಲ್ಲಿ ಇಳಿದು ತಳ್ಳಲು ನಾಚಿಕೆಪಡದವರಿಗೆ ಯಾವ ಸೈಕಲ್ಲಾದರೂ ಆದೀತು. ಪಂಕ್ಚರಿನ ಪಟ್ಟಿ, ಸೊಲ್ಯೂಶನ್, ಒಂದು ಗಾಳಿಪಂಪು, ಎರಡು ಬಾಟ್ಲಿ ನೀರು, ಅವಲಕ್ಕಿ ಬೆಲ್ಲ, ತಲೆಗೊಂದು ಟೊಪ್ಪಿ. ಹಿಂದಿನ ಮತ್ತು ಮುಂದಿನ ಎರಡು ಬ್ರೇಕುಗಳ ರಬ್ಬರನ್ನೂ ಹಿಂದಿನ ದಿನವೇ ನಾವು ಖುದ್ದಾಗಿ ಪರೀಕ್ಷಿಸುತ್ತೇವೆ, ಇದರಲ್ಲಿ ರಿಯಾಯಿತಿಯಿಲ್ಲ. ಪೋಷಕರೂ ಬರಬಹುದು. ಬೆಳಗ್ಗೆ ಆರಕ್ಕೆ ಕುಂಬಳೆಯಿಂದ ಹೊರಡುತ್ತೇವೆ; ತಡವಾದವರನ್ನು ನಾಯ್ಕಾಪಿನ ಏರಿನವರೆಗೆ ಮಾತ್ರ ಕಾಯುತ್ತೇವೆ.